ಸಂಜೆಯ ಬಸ್ಸಲ್ಲ, ಹತ್ತರ ಬಸ್ಸು

ಅಕ್ಕ ಬಂದದ್ದು ಭಾನುವಾರ ಬೆಳಿಗ್ಗೆ ಎಂಟೂವರೆಗೆ. ಬರುತ್ತೇನೆಂದು ಫೋನು ಮಾಡಿರಲಿಲ್ಲ. ಮೂರು ಮಹಡಿ ಹತ್ತಿದ ಏದುಸಿರಿನಲ್ಲೇ ಕರೆಗಂಟೆ ಒತ್ತಿ, ಬಾಗಿಲು ತೆರೆದ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ಚಪ್ಪಲಿ ಬಿಡುತ್ತಾ ಹೇಳಿದಳು:

"ಪುಟ್ಟಿ, ನಿನ್ನ ಆ ಹಾಡನ್ನ ರಿಪೇರಿ ಮಾಡ್ಬೇಕು. ಅದಾಗೋವರೆಗೂ ನಾನು ಇಲ್ಲಿಂದ ಕದಲೋದಿಲ್ಲ."

ಪುಟ್ಟಿಗೆ ಆಗ ನಲವತ್ತೊಂಬತ್ತು. ಹೊರಗೆ ಅವಳು ಹೆಸರಾಂತ ಹಾಡುಗಾರ್ತಿ. ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವವಳು. ಅವಳನ್ನು ಪುಟ್ಟಿ ಎಂದು ಕರೆಯುವವರು ಭೂಮಿಯ ಮೇಲೆ ಉಳಿದಿದ್ದದ್ದು ಅಕ್ಕನೊಬ್ಬಳೇ. ಅಪ್ಪ ಅಮ್ಮ ಹೋದಮೇಲೆ ಅಕ್ಕತಂಗಿಯರು ಭೇಟಿಯಾಗುತ್ತಿದ್ದದ್ದು ನೆಂಟರ ಮದುವೆಯಲ್ಲೋ ಸಾವಿನಲ್ಲೋ. ಅಲ್ಲಿ ಆರೋಗ್ಯ ವಿಚಾರಿಸಿಕೊಂಡು, ತಲೆಗೂದಲು ಬೆಳ್ಳಗಾಗಿದ್ದನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು, ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು. ಹೀಗೆ ಹೇಳದೆ ಕೇಳದೆ ಅಕ್ಕ ಮನೆಗೆ ಬಂದದ್ದು ಇದೇ ಮೊದಲು.

"ಯಾವ ಹಾಡು?" ಎಂದು ಪುಟ್ಟಿ ಕೇಳಿದಳು, ಯಾವುದೆಂದು ಗೊತ್ತಿದ್ದೂ.

"ಯಾವ್ದು ಅಂದ್ರೆ? ಅದೇ. ಬಸ್ಸಿಂದು."

ಆ ಹಾಡನ್ನು ಪುಟ್ಟಿ ಬರೆದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಅವಳಿಗೆ ಹೆಸರು ತಂದದ್ದೂ ಅದೇ. ಗಂಡನ ಮನೆ ಬಿಟ್ಟ ಹೆಂಗಸೊಬ್ಬಳು ಬಸ್‌ಸ್ಟಾಪಿನಲ್ಲಿ ಒಂಟಿಯಾಗಿ ನಿಂತಿರುವ ಚಿತ್ರ:

ಸಂಜೆಯ ಬಸ್ಸಿಗೆ ಕಾದಳು ಒಬ್ಬಳೆ
ಕಣ್ಣಲಿ ಕಂಬನಿ, ಕೈಯಲಿ ಗಂಟು
ಬಂದಾನೇನೋ ಎನ್ನುತ ಹಿಂದಕೆ
ತಿರುಗಿದಳಮ್ಮಾ ತಿರುಗಿದಳು

ಆ ಕೊನೆಯ ಸಾಲಿಗೆ ಬರುವಾಗ ಸಭಾಂಗಣದ ಜನವೆಲ್ಲ ತಾವಾಗಿಯೇ ದನಿಗೂಡಿಸುತ್ತಿದ್ದರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಗಂಡಸರು ಕಣ್ಣಿಗೆ ಏನೋ ಬಿದ್ದವರ ಹಾಗೆ ಮಾಡುತ್ತಿದ್ದರು. ರೇಡಿಯೋದಲ್ಲಿ ವಾರಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು.

ಅಕ್ಕ ಅದನ್ನು ಇಪ್ಪತ್ತೇಳು ವರ್ಷ ಕೇಳಿದ್ದಳು. ಕೇಳಿದ್ದು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ಅಲ್ಲಿ ದಿನಕ್ಕೆ ಒಂಬೈನೂರು ಹಾಸಿಗೆ ಬಟ್ಟೆ ಒಗೆದು, ಹಬೆಯಾಡುವ ಉರುಳೆಗಳ ನಡುವೆ ಹಾಯಿಸಿ, ಇಬ್ಬಿಬ್ಬರು ನಿಂತು ಮಡಿಸಬೇಕು. ಬಟ್ಟೆ ಮಡಿಸುವವಳಾಗಿ ಸೇರಿದ ಅಕ್ಕ ಕೊನೆಗೆ ನಲವತ್ತು ಜನರ ಮೇಲ್ವಿಚಾರಕಿಯಾಗಿದ್ದಳು. ಕೈಮೇಲೆ ಉರುಳೆ ತಾಗಿದ ಮೂರು ಸುಟ್ಟ ಕಲೆಗಳಿದ್ದವು. ಒಂದು ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸಾಕು, ಅದು ಯಾವ ವಾರ್ಡಿನದೆಂದು ಹೇಳಿಬಿಡುತ್ತಿದ್ದಳು.

ಗೋಡೆಯ ರೇಡಿಯೋದಲ್ಲಿ ಆ ಹಾಡು ಬಂದಾಗಲೆಲ್ಲ ಅಕ್ಕ ತುಟಿಪಿಟಿಕ್ಕೆನ್ನದೆ ಬಟ್ಟೆ ಮಡಿಸುತ್ತಿದ್ದಳು. ಅದು ಯಾರ ಹಾಡೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಹಿಂದಿನ ತಿಂಗಳು ಒಂದು ಸಂದರ್ಶನದಲ್ಲಿ ಪುಟ್ಟಿ, ಯಾವುದೋ ಮಾತಿನ ಭರದಲ್ಲಿ, "ಅದು ನನ್ನ ಸ್ವಂತ ಅಕ್ಕನ ಕಥೆ" ಎಂದುಬಿಟ್ಟಿದ್ದಳು. ಅಕ್ಕ ಯಾವ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆಂಬುದನ್ನೂ ಹೇಳಿದ್ದಳು.

"ಮೊನ್ನೆ ಶುಕ್ರವಾರ ನನಗೆ ರಿಟೈರ್‌ಮೆಂಟು," ಎಂದಳು ಅಕ್ಕ, ಕೊಟ್ಟ ಟೀಯನ್ನು ಕೈಗೆ ತೆಗೆದುಕೊಳ್ಳದೆ. "ಎಲ್ಲಾರೂ ಸೇರಿದ್ರು. ದೊಡ್ಡ ಡಾಕ್ಟ್ರು ಬಂದಿದ್ರು. ನಾನು ಅಂದ್ಕೊಂಡಿದ್ದೆ, ಆ ಹಳೇ ಬಾಯ್ಲರ್ ಸಿಡಿದಾಗ ನಾನೇ ಹೋಗಿ ವಾಲ್ವ್ ಮುಚ್ಚಿದ್ದನ್ನ ಯಾರಾದ್ರೂ ಹೇಳ್ತಾರೆ ಅಂತ. ಹೇಳಿದ್ರಾ? ಇಲ್ಲ! ನಲವತ್ತು ಜನ ಸಾಲಾಗಿ ನಿಂತ್ಕೊಂಡು ನಿನ್ನ ಹಾಡು ಹಾಡಿದ್ರು. ಹಾಡಿ, ಒಬ್ಬೊಬ್ಬರಾಗಿ ಬಂದು ನನ್ನನ್ನ ತಬ್ಬಿಕೊಂಡು ಅತ್ರು. ಪಾಪ, ಎಷ್ಟು ಅನುಭವಿಸಿದೀರೋ ಅಂತ. ಡಾಕ್ಟ್ರು ನನ್ನ ತಲೆ ಸವರಿದ್ರು ಕಣೇ! ನನಗಿಂತ ಹದಿನೈದು ವರ್ಷ ಚಿಕ್ಕವರು!"

ಪುಟ್ಟಿಗೆ ನಗು ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡಳು.

"ಅವರು ಪ್ರೀತಿಯಿಂದ ಮಾಡಿದ್ದು ಅಕ್ಕಾ."

"ಪ್ರೀತಿಯಿಂದ್ಲೇ. ಅದಕ್ಕೇ ಬೈಯೋಕೂ ಆಗ್ಲಿಲ್ಲ. ಬೈಸಿಕೊಳ್ಳಬೇಕಾದೋಳು ನೀನು."

ಪುಟ್ಟಿಯ ಮನೆಯಲ್ಲಿ ಒಂದು ಕಬ್ಬಿಣದ ಬೀರು ತುಂಬ ಟಿಪ್ಪಣಿ ಪುಸ್ತಕಗಳಿದ್ದವು. ಒಂದೊಂದು ಹಾಡಿಗೂ ಹದಿನೈದು ಇಪ್ಪತ್ತು ರೂಪಗಳು. ಪೆನ್ಸಿಲಿನಲ್ಲೇ ಬರೆಯುತ್ತಿದ್ದಳು, ಚಮಚದಿಂದ ಮೇಜಿನ ಮೇಲೆ ಕುಟ್ಟುತ್ತಾ ಮಾತ್ರೆ ಎಣಿಸುತ್ತಿದ್ದಳು, ಒಂದು ಪದಕ್ಕಾಗಿ ಹಾಡನ್ನು ಆರು ತಿಂಗಳು ತಡೆಹಿಡಿದದ್ದೂ ಉಂಟು. ಧ್ವನಿಮುದ್ರಣವಾದ ಮೇಲೂ ತಿದ್ದುತ್ತಿದ್ದಳು. ಹೊಸದಾಗಿ ಬರೆಯುವವರು ಕಲಿಯಲು ಬಂದರೆ, ಮೊದಲು ಹೊಳೆದ ಸಾಲನ್ನು ನಂಬಬೇಡಿ, ಅದು ನಿಮ್ಮದಲ್ಲ, ಅಭ್ಯಾಸದ್ದು ಎನ್ನುತ್ತಿದ್ದಳು. ಆದರೆ ಬಸ್ಸಿನ ಹಾಡಿಗೆ ಮಾತ್ರ ಒಂದೇ ಒಂದು ಹಾಳೆ ಇತ್ತು. ಅದರ ಮೇಲೆ ಒಂದು ಗೀಟೂ ಇರಲಿಲ್ಲ.

"ಅದನ್ನ ನಾನು ಮುಟ್ಟಿಲ್ಲ ಅಕ್ಕಾ. ಅರ್ಧ ಗಂಟೇಲಿ, ಕೂತಲ್ಲೇ, ತಾನಾಗೇ ಬಂದ ಹಾಡು ಅದು."

"ತಾನಾಗೇ ಬಂದಿದ್ದಕ್ಕೇ ಹಾಗಿದೆ. ನನ್ನ ಒಂದು ಮಾತು ಕೇಳಿದ್ರೆ ಹೀಗೆ ಬರ್ತಿರಲಿಲ್ಲ."

ಅಕ್ಕ ಬ್ಯಾಗಿನಿಂದ ಹಲ್ಲುಜ್ಜುವ ಬ್ರಷ್ಷನ್ನೂ ಎರಡು ಜೊತೆ ಬಟ್ಟೆಯನ್ನೂ ತೆಗೆದು ಕುರ್ಚಿಯ ಮೇಲಿಟ್ಟಳು. ಇವಳು ಹೇಳಿದ್ದನ್ನು ಮಾಡುವವಳೇ ಎಂದು ಪುಟ್ಟಿಗೆ ಖಾತ್ರಿಯಾಯಿತು.

ಕೆಲಸ ಅಂದೇ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಶುರುವಾಯಿತು. ಅಕ್ಕ ಸುಮ್ಮನೆ ಕೂರುವವಳಲ್ಲ. ತಂಗಿಯ ಬಟ್ಟೆಗಳ ಅವಸ್ಥೆ ನೋಡಲಾರದೆ, ಇಸ್ತ್ರಿಪೆಟ್ಟಿಗೆ ಹುಡುಕಿ, ಮೇಜಿನ ಅರ್ಧಭಾಗಕ್ಕೆ ಹೊದಿಕೆ ಹಾಸಿಕೊಂಡಳು. ಒಂದು ಕಡೆ ಪುಟ್ಟಿಯ ಹಾಳೆ, ಪೆನ್ಸಿಲು, ಚಮಚ. ಇನ್ನೊಂದು ಕಡೆ ಅಕ್ಕನ ಇಸ್ತ್ರಿ.

"ಮೊದಲನೇದು, ಅದು ಸಂಜೆ ಅಲ್ಲ. ಬೆಳಿಗ್ಗೆ ಹತ್ತು ಗಂಟೆ."

"ಸಂಜೆ ಅಂದ್ರೆ ಒಂದು ಭಾವ ಬರತ್ತೆ ಅಕ್ಕಾ."

"ನಿನ್ನ ಭಾವಕ್ಕೋಸ್ಕರ ನಾನು ಎಂಟು ಗಂಟೆ ಕಾಯ್ಲಾ? ಅವನು ಒಂಬತ್ತೂವರೆಗೆ ಕೆಲಸಕ್ಕೆ ಹೋದ. ನಾನು ಹತ್ತರ ಬಸ್ಸು ಹಿಡಿದೆ. ಸಂಜೆವರೆಗೂ ಇದ್ದಿದ್ರೆ ಅವನು ವಾಪಸ್ಸು ಬರ್ತಿದ್ದ."

ಪುಟ್ಟಿ ಚಮಚ ಕುಟ್ಟಿದಳು. ಸಂಜೆಯ, ಹತ್ತರ. ಮಾತ್ರೆ ಸರಿಹೋಯಿತು. ಅವಳಿಗೇ ಆಶ್ಚರ್ಯವಾಯಿತು.

"ಎರಡನೇದು, ನಾನು ಅಳಲಿಲ್ಲ."

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ. ಹಿಂದಿನ ರಾತ್ರಿ ಎಲ್ಲಾ ಎಚ್ಚರ ಇದ್ದೆನಲ್ಲ, ನಿದ್ದೆ ಎಳೀತಾ ಇತ್ತು. ನಿಂತಲ್ಲೇ ತೂಕಡಿಸಿ ಎಲ್ಲಿ ಬಸ್ಸು ತಪ್ಪಿಹೋಗತ್ತೋ ಅಂತ ತೊಡೆ ಚಿವುಟಿಕೊಳ್ತಿದ್ದೆ. ಗಂಟೂ ಇರ್ಲಿಲ್ಲ. ಕೈಯಲ್ಲಿದ್ದಿದ್ದು ಬೀಗ."

"ಯಾವ ಬೀಗ?"

"ಮನೆ ಬೀಗ. ಹಾಕ್ಬೇಕು ಅಂತ ತಗೊಂಡೆ. ಗಾಬರೀಲಿ ಹಾಕೋದು ಮರೆತು ಕೈಯಲ್ಲೇ ಹಿಡ್ಕೊಂಡು ಬಂದುಬಿಟ್ಟೆ." ಅಕ್ಕ ಇಸ್ತ್ರಿ ನಿಲ್ಲಿಸಿ ಮೊದಲ ಸಲ ನಕ್ಕಳು. "ಅರ್ಧ ಕೇಜಿ ತೂಕದ ಬೀಗ ಕಣೇ. ಕೀಲಿಕೈ ಅಲ್ಲೇ ಮೊಳೆ ಮೇಲೆ. ಯಾರ ತಲೆಗಾದ್ರೂ ಹೊಡೆಯೋಕೆ ಹೊರಟೋಳ ಹಾಗೆ ಬಸ್ ಹತ್ತಿದೆ. ಕಂಡಕ್ಟರ್ ನನ್ನ ಹತ್ರ ಚಿಲ್ಲರೆ ಕೇಳೋಕೇ ಹೆದರಿದ."

ಪುಟ್ಟಿ ಬರೆದಳು: ಕಣ್ಣಲಿ ನಿದ್ದೆಯು, ಕೈಯಲಿ ಬೀಗ.

"ನಿದ್ದೆಯು ಅಂತ ಯಾರು ಮಾತಾಡ್ತಾರೆ?" ಎಂದಳು ಅಕ್ಕ.

"ಒಂದು ಮಾತ್ರೆ ಕಮ್ಮಿ ಬೀಳತ್ತೆ, ಅದಕ್ಕೆ..."

"ಕಮ್ಮಿ ಬೀಳ್ಲಿ. ನಿದ್ದೆ ಬಂದೋರು ಎಳೆದೆಳೆದೇ ಮಾತಾಡ್ತಾರೆ. ನೀನೂ ಎಳಿ."

ಪುಟ್ಟಿ 'ಯು' ಹೊಡೆದುಹಾಕಿ, 'ನಿದ್ದೇ' ಎಂದು ಎಳೆದು ಹಾಡಿ ನೋಡಿದಳು. ಇಪ್ಪತ್ತೇಳು ವರ್ಷ ಬರೀ ಭರ್ತಿ ಪದದ ಹಾಗೆ ಹಾಡುತ್ತಿದ್ದ ಜಾಗದಲ್ಲಿ ಜೀವಂತ ಹೆಂಗಸೊಬ್ಬಳು ನಿಂತುಕೊಂಡಿದ್ದಳು.

ಮೂರನೆಯ ಸಾಲಿಗೆ ಇಡೀ ಸೋಮವಾರ ಬೇಕಾಯಿತು. 'ಬಂದಾನೇನೋ ಎನ್ನುತ' ಎಂಬುದು ಜನ ಅತಿಯಾಗಿ ಮೆಚ್ಚಿದ ಸಾಲು. ಅದನ್ನು ಬಿಡಲು ಪುಟ್ಟಿಗೆ ಮನಸ್ಸಾಗುತ್ತಿರಲಿಲ್ಲ.

"ತಿರುಗಿ ನೋಡಿದ್ದಾದ್ರೂ ನಿಜ ತಾನೇ?"

"ನೋಡಿದೆ. ಹತ್ತು ಸಲ ನೋಡಿದೆ. ಅವನು ಬಂದುಬಿಟ್ಟಾನು ಅಂತ ಜೀವ ಕೈಯಲ್ಲಿ ಹಿಡ್ಕೊಂಡು ನೋಡಿದೆ. ದೇವರೇ, ಬರದೇ ಇರ್ಲಪ್ಪಾ ಅಂತ."

"ಏನಂದೆ? ಇನ್ನೊಂದ್ಸಲ ಹೇಳು."

"ಬರದಿರಲಪ್ಪಾ ಅಂತ."

ಪುಟ್ಟಿಯ ಕೈಯಲ್ಲಿದ್ದ ಚಮಚ ತಾನಾಗಿಯೇ ಕುಟ್ಟಿತು. ಅವಳು ಎದ್ದು ನಿಂತು, ಅಡುಗೆಮನೆಯಲ್ಲೇ, ದನಿಯೆತ್ತಿ ಹಾಡಿದಳು:

ಬರದಿರಲಪ್ಪಾ ಎನ್ನುತ ಹಿಂದಕೆ
ತಿರುಗಿದಳಮ್ಮಾ ತಿರುಗಿದಳು

ಅದೇ ಬಸ್‌ಸ್ಟಾಪು, ಅದೇ ತಿರುಗುವುದು, ಅದೇ ರಾಗ. ಆದರೆ ಹೆಂಗಸು ಬೇರೆಯವಳಾಗಿದ್ದಳು. ಅಕ್ಕ ಒಂದು ದಿಂಬಿನ ಚೀಲವನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, "ಹ್ಞೂಂ. ಇದು ಪರವಾಗಿಲ್ಲ," ಎಂದಳು. ಆಮೇಲೆ, ತಲೆಯೆತ್ತದೆ, ಅದೇ ದನಿಯಲ್ಲಿ ಕೇಳಿದಳು: "ಎರಡನೇ ಚರಣದಲ್ಲಿ ತವರಿನ ದೀಪ ಆರಿತ್ತು ಅಂತ ಬರೆದಿದೀಯಲ್ಲ. ಆರಿತ್ತಾ?"

ಪುಟ್ಟಿ ಪೆನ್ಸಿಲು ಕೆಳಗಿಟ್ಟಳು.

ಆ ಬಸ್ಸು ಹೊರಟು, ಇನ್ನೊಂದು ಬಸ್ಸು ಬದಲಿಸಿ, ಅಕ್ಕ ಅಪ್ಪನ ಮನೆಯ ಬಾಗಿಲಿಗೆ ಬಂದಾಗ ಸಂಜೆ ಏಳಾಗಿತ್ತು. ದೀಪ ಉರಿಯುತ್ತಿತ್ತು. ಸುದ್ದಿ ಫೋನಿನಲ್ಲಿ ಅವಳಿಗಿಂತ ಮೊದಲೇ ಬಂದಿತ್ತು. ಅಪ್ಪ ಕುರ್ಚಿಯಿಂದ ಏಳದೆ, "ಬಾಗಿಲು ತೆಗೆದವರು ಅವಳ ಜೊತೆಗೇ ಹೊರಡಬೇಕು," ಎಂದಿದ್ದರು. ಅಮ್ಮ ಒಳಕೋಣೆಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹತ್ತೊಂಬತ್ತರ ಪುಟ್ಟಿ ಬಾಗಿಲ ಬಳಿ ಓಡಿಬಂದು, ಚಿಲಕದ ಮೇಲೆ ಕೈಯಿಟ್ಟು, ಹಾಗೇ ನಿಂತುಬಿಟ್ಟಿದ್ದಳು. ಅಕ್ಕ ಆಚೆಯಿಂದ ಮೂರು ಸಲ "ಪುಟ್ಟಿ" ಎಂದು ಕರೆದಿದ್ದಳು. ಚಿಲಕ ತಣ್ಣಗಿತ್ತು. ಆಮೇಲೆ ಹೆಜ್ಜೆಗಳು ದೂರವಾದವು. ಮೂರು ವರ್ಷದ ನಂತರ ಪುಟ್ಟಿ ಹಾಡು ಬರೆದಳು. ಅದರಲ್ಲಿ ದೀಪ ಆರಿಸಿದಳು, ಮನೆಯಲ್ಲಿ ಯಾರೂ ಇರಲಿಲ್ಲವೆಂಬಂತೆ.

"ನಾನು ಅಲ್ಲಿದ್ದೆ ಅಂತ ನಿನಗೆ ಗೊತ್ತಿತ್ತಾ?"

"ಬಾಗಿಲ ಕೆಳಗೆ ನಾಲ್ಕು ಬೆರಳು ಸಂದಿ ಇರ್ಲಿಲ್ವಾ? ನಿನ್ನ ಕಾಲು ಕಾಣ್ತಿತ್ತು. ಹೆಬ್ಬೆರಳಿಗೆ ಬಟ್ಟೆ ಕಟ್ಕೊಂಡಿದ್ದೆ ನೀನು."

"ಅಕ್ಕಾ, ಅಪ್ಪ..."

"ಅಪ್ಪಂದು ಅಪ್ಪ ನೋಡ್ಕೊಂಡ್ರು. ನಿಂದು ನೀನು ಬರಿ."

ಮಂಗಳವಾರ ಬೆಳಿಗ್ಗೆಯಿಂದ ಪುಟ್ಟಿ ಬರೆದಳು, ಹರಿದಳು. ಮೊದಲು 'ಮನೆಯವರೆಲ್ಲರ ಕೈಗಳ ಮೇಲೆ' ಎಂದೇನೋ ಬರೆದಳು. ಆಮೇಲೆ 'ತಂದೆಯ ಕೈಯೇ ಚಿಲಕದ ಮೇಲೆ' ಎಂದು ಬರೆದು ಓದಿದಳು. ಅಕ್ಕನ ಇಸ್ತ್ರಿ ಬಟ್ಟೆಯ ನಡುವೆ ನಿಂತಿತು. ಸುಟ್ಟ ವಾಸನೆ ಬರುವುದರೊಳಗೆ ಪುಟ್ಟಿ ರಬ್ಬರು ತೆಗೆದುಕೊಂಡು ಒಂದು ಪದ ಅಳಿಸಿದಳು:

ತವರಿನ ದೀಪವು ಉರಿದೇ ಇತ್ತು
ತಂಗಿಯ ಕೈಯೇ ಚಿಲಕದ ಮೇಲೆ
ಮೂರು ಸಲ ಹೆಸರು ಕೂಗಿದರೂನು
ತೆಗೆಯಲೆ ಇಲ್ಲ, ತೆಗೆಯಲೆ ಇಲ್ಲ

ಇಸ್ತ್ರಿ ಮತ್ತೆ ಚಲಿಸಿತು. ಆಮೇಲೆ ಅಕ್ಕ, "ಮೂರನೇ ಸಾಲು ಕುಂಟತ್ತೆ," ಎಂದಳು. "ಗೊತ್ತು," ಎಂದಳು ಪುಟ್ಟಿ, ಮೂಗೊರೆಸಿಕೊಳ್ಳುತ್ತಾ. "ಅದನ್ನ ಹಾಗೇ ಬಿಡ್ತೀನಿ."

ಬುಧವಾರ ಗಿಟಾರ್ ಮೇಷ್ಟ್ರು ಅಭ್ಯಾಸಕ್ಕೆ ಬಂದರು. ಅರವತ್ತೆಂಟರ ಅವರು ಪುಟ್ಟಿಗೆ ಶಾಲೆಯಲ್ಲಿ ಸಂಗೀತ ಕಲಿಸಿದವರು; ಮೊದಲ ಕಾರ್ಯಕ್ರಮದಿಂದಲೂ ಅವಳ ಪಕ್ಕದಲ್ಲಿ ನುಡಿಸಿದವರು. ಶನಿವಾರ ಸಂಜೆ ಆರಕ್ಕೆ ರಂಗಮಂದಿರದಲ್ಲಿ ಪುಟ್ಟಿಯ ದೊಡ್ಡ ಕಾರ್ಯಕ್ರಮವಿತ್ತು. ಹೊಸ ಹಾಡನ್ನು ಕೇಳಿ ಮೇಷ್ಟ್ರು ಗಿಟಾರನ್ನು ತೊಡೆಯಿಂದ ಇಳಿಸಿದರು.

"ನಿನಗೇನು ತಲೆ ಕೆಟ್ಟಿದೆಯಾ? ಪೋಸ್ಟರ್ ಮೇಲೆ 'ಸಂಜೆಯ ಬಸ್ಸು' ಅಂತ ಮೊಳದುದ್ದದ ಅಕ್ಷರ ಇದೆ. ಅಳೋಕೆ ಅಂತಲೇ ಟಿಕೆಟ್ ತಗೊಂಡು ಬರ್ತಾರೆ ಜನ. ಅವರ ಎದುರಿಗೆ ಬೀಗ ಹಿಡ್ಕೊಂಡು ನಿಲ್ತೀಯಾ?"

"ಹಾಡು ತಪ್ಪಿತ್ತು ಮೇಷ್ಟ್ರೇ. ತಿದ್ದಿದೀನಿ."

"ಅದು ಈಗ ನಿನ್ನ ಹಾಡಲ್ಲಮ್ಮ. ಜನರ ಹಾಡು."

"ಹಾಡು ಜನರದ್ದೇ ಇರ್ಲಿ. ಬಾಳು ಯಾರದ್ದು?"

"ನಂದು!" ಎಂದು ಸ್ನಾನದ ಮನೆಯಿಂದ ಅಕ್ಕನ ದನಿ ಬಂತು.

ಮೇಷ್ಟ್ರು ಬೆಚ್ಚಿಬಿದ್ದರು. ಆಮೇಲೆ ಗೊಣಗುತ್ತಲೇ ಎರಡು ಸಲ ನುಡಿಸಿದರು. ಆದರೆ ಹೋಗುವಾಗ ಬಾಗಿಲಲ್ಲಿ ನಿಂತು, "ಸಭೆಯಲ್ಲಿ ಇದನ್ನ ನುಡಿಸ್ತೀನಿ ಅಂತ ಮಾತು ಕೊಟ್ಟಿಲ್ಲ," ಎಂದು ಹೇಳಿಯೇ ಹೋದರು.

ಶನಿವಾರ ವೇದಿಕೆಯ ಹಿಂದಿನ ಕೋಣೆಗೆ ರಂಗಮಂದಿರದ ಮ್ಯಾನೇಜರ್ ಬಂದ. ಮೇಷ್ಟ್ರು ಅವನ ಕಿವಿಗೆ ಹಾಕಿದ್ದರೆಂದು ಕಾಣುತ್ತದೆ. ಕೈಕೈ ಹೊಸೆಯುತ್ತಾ, "ಮೇಡಂ, ಇವತ್ತೊಂದು ದಿನ ಹಳೇದೇ ಹಾಡಿಬಿಡಿ. ಪ್ರಯೋಗ ಎಲ್ಲ ಚಿಕ್ಕ ಸಭೆಗಳಲ್ಲಿ ಮಾಡಿ, ಇಲ್ಲಿ ಬೇಡ," ಎಂದ.

"ಇದು ಪ್ರಯೋಗ ಅಲ್ಲ. ತಿದ್ದುಪಡಿ."

"ಜನ ಗಲಾಟೆ ಮಾಡಿದ್ರೆ ನಾವು ಜವಾಬ್ದಾರರಲ್ಲ. ಇನ್ಮುಂದೆ ನಿಮ್ಮ ಕಾರ್ಯಕ್ರಮ ಇಲ್ಲಿ ಇಡೋದೂ ಕಷ್ಟ ಆಗತ್ತೆ."

"ಹಾಡೋ ಜವಾಬ್ದಾರಿ ನಂದು. ಕೇಳೋದು, ಬಿಡೋದು ಅವರದ್ದು. ನೀವು ಮೈಕ್ ಸರಿಯಾಗಿರೋ ಹಾಗೆ ನೋಡ್ಕೊಳ್ಳಿ, ಸಾಕು," ಎಂದಳು ಪುಟ್ಟಿ.

ಎಂಟುನೂರು ಜನ ಸೇರಿದ್ದರು. ಅಕ್ಕ ನಾಲ್ಕನೆಯ ಸಾಲಿನ ತುದಿಯಲ್ಲಿ, ತಾನೇ ಇಸ್ತ್ರಿ ಮಾಡಿದ ಸೀರೆಯುಟ್ಟು, ನೆಟ್ಟಗೆ ಕುಳಿತಿದ್ದಳು. ಒಂಬತ್ತು ಹಾಡುಗಳಾದ ಮೇಲೆ ಮೇಷ್ಟ್ರು ಆ ಹಾಡಿನ ಮೊದಲ ಸ್ವರಗಳನ್ನು ಮೀಟಿದರು. ಚಪ್ಪಾಳೆ ಮುಗಿಲು ಮುಟ್ಟಿತು. ಪುಟ್ಟಿ 'ಹತ್ತರ' ಎಂದಳು. ಎಂಟುನೂರು ಜನ 'ಸಂಜೆಯ' ಎಂದರು. ಅವಳು 'ನಿದ್ದೇ' ಎಂದು ಎಳೆದಳು. ಅವರು 'ಕಂಬನಿ' ಎಂದರು. ಅವಳ ಒಂದು ಗಂಟಲು ಅಷ್ಟು ಗಂಟಲುಗಳ ಕೆಳಗೆ ಮುಳುಗಿಹೋಯಿತು. ಮೇಷ್ಟ್ರು ನುಡಿಸುವುದನ್ನು ನಿಲ್ಲಿಸಿದರು. ಪುಟ್ಟಿಯೂ ನಿಲ್ಲಿಸಿದಳು.

ಸಭೆ ಗೊಂದಲದಿಂದ ಮೌನವಾಯಿತು. ಪುಟ್ಟಿ ಮೈಕಿನ ಹತ್ತಿರ ಬಂದಳು.

"ಈ ಹಾಡನ್ನ ಇಪ್ಪತ್ತೇಳು ವರ್ಷ ತಪ್ಪಾಗಿ ಹಾಡಿದೀನಿ. ಈ ಹೆಂಗಸು ಅಳಲಿಲ್ಲ. ಯಾರಿಗೂ ಕಾಯಲಿಲ್ಲ. ಇವತ್ತು ಸರಿಯಾಗಿ ಹಾಡ್ತೀನಿ. ದಯವಿಟ್ಟು ಯಾರೂ ಜೊತೆಗೆ ಹಾಡಬೇಡಿ."

"ನಮ್ಮ ಹಾಡು ಹಾಳು ಮಾಡಬೇಡಿ!" ಎಂದು ಹಿಂದಿನಿಂದ ಒಬ್ಬ ಕೂಗಿದ. "ಹಳೇದೇ ಬೇಕು!" ಎಂದು ಇನ್ನಷ್ಟು ದನಿಗಳು. ಯಾರೋ ಶಿಳ್ಳೆ ಹೊಡೆದರು.

"ಹಳೇದು ನಿಮ್ಮ ಹತ್ರ ಇದೆಯಲ್ಲ, ಇಟ್ಕೊಳ್ಳಿ. ನಾನು ಕಿತ್ಕೊಳ್ಳೋಕೆ ಬಂದಿಲ್ಲ," ಎಂದಳು ಪುಟ್ಟಿ. "ಆದರೆ ನನ್ನ ಬಾಯಿಂದ ಇನ್ನು ಅದು ಬರೋದಿಲ್ಲ."

ವಾದ್ಯವಿಲ್ಲದೆ ಶುರುಮಾಡಿದಳು. ಶಿಳ್ಳೆಗಳ ನಡುವೆಯೇ ಹಾಡಿದಳು. ಬರದಿರಲಪ್ಪಾ ಎಂಬಲ್ಲಿ ಒಂದಿಬ್ಬರು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. ಜನ ಎದ್ದು ಹೊರಡುವುದು ಅವಳಿಗೆ ಕಾಣುತ್ತಿತ್ತು: ಇಡಿಯ ಒಂದು ಸಾಲು, ಆಮೇಲೆ ಎಡಗಡೆ ಒಂದು ಕುಟುಂಬ, ಕುರ್ಚಿಗಳ ಸದ್ದು. ಎರಡನೆಯ ಚರಣಕ್ಕೆ ಬಂದಾಗ ಗಿಟಾರಿನ ಒಂದು ತಂತಿ ಮೆಲ್ಲಗೆ ದನಿ ಕೊಟ್ಟಿತು. ಪುಟ್ಟಿ ತಿರುಗಿ ನೋಡಲಿಲ್ಲ. ತಂಗಿಯ ಕೈಯೇ ಚಿಲಕದ ಮೇಲೆ ಎಂದು ಹಾಡುವಾಗ ಅವಳು ನೋಡಿದ್ದು ಅಕ್ಕನನ್ನಲ್ಲ, ಎದುರಿಗೆ ಕುಳಿತ ಅಪರಿಚಿತರನ್ನು. ಒಬ್ಬೊಬ್ಬರ ಕಣ್ಣಿಗೆ ಕಣ್ಣಿಟ್ಟು, ಹೌದು, ನಾನೇ ಎನ್ನುವ ಹಾಗೆ ಹಾಡಿದಳು. ಹಾಡು ಮುಗಿದಾಗ ಸಭೆಯ ಮೂರರಲ್ಲಿ ಒಂದು ಭಾಗ ಖಾಲಿಯಾಗಿತ್ತು. ಉಳಿದವರಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು. ಮಿಕ್ಕವರು ಏನು ಮಾಡಬೇಕೆಂದು ತಿಳಿಯದೆ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಯಾರೂ ಅಳಲಿಲ್ಲ.

ವೇದಿಕೆಯ ಹಿಂದೆ ಮೇಷ್ಟ್ರು ಗಿಟಾರನ್ನು ಪೆಟ್ಟಿಗೆಗೆ ಹಾಕುತ್ತಾ, "ಒಪ್ಪಿ ನುಡಿಸಿದೆ ಅಂತ ತಿಳೀಬೇಡ. ಶ್ರುತಿ ಬಿಟ್ಟೀಯಾ ಅಂತ ನುಡಿಸಿದೆ," ಎಂದರು.

"ಬಿಟ್ಟಿದ್ನಾ?"

"ಇಲ್ಲ," ಎಂದರು ಮೇಷ್ಟ್ರು, ಸ್ವಲ್ಪ ಸಿಟ್ಟಿನಿಂದಲೇ.

ಅಕ್ಕ ಬಂದವಳು ತಂಗಿಯನ್ನು ತಬ್ಬಿಕೊಳ್ಳಲಿಲ್ಲ. ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟಳು. "ಇದರಿಂದ ಎಲ್ಲಾ ತೊಳೆದುಹೋಯ್ತು ಅಂತ ಅನ್ಕೋಬೇಡ. ಆ ಸಂಜೆ ನಾನು ಎಲ್ಲಿ ಮಲಗಿದೆ ಅಂತ ನೀನು ಇನ್ನೂ ಕೇಳಿಲ್ಲ."

"ಎಲ್ಲಿ ಮಲಗಿದೆ ಅಕ್ಕಾ?"

"ಮನೆಗೆ ನಡಿ, ಹೇಳ್ತೀನಿ. ಉದ್ದದ ಕಥೆ ಅದು."

ಆಮೇಲಿನ ತಿಂಗಳುಗಳಲ್ಲಿ ಪುಟ್ಟಿಯ ಎರಡು ಕಾರ್ಯಕ್ರಮಗಳು ರದ್ದಾದವು. ರಂಗಮಂದಿರದವರು ಮತ್ತೆ ಕರೆಯಲಿಲ್ಲ. ಅವಳು ಅಹಂಕಾರದಿಂದ ಒಳ್ಳೆಯ ಹಾಡೊಂದನ್ನು ಕೊಂದಳೆಂದು ಪತ್ರಿಕೆಗೆ ಯಾರೋ ಬರೆದರು. ರೇಡಿಯೋದವರು ಹಳೆಯದನ್ನೇ ಹಾಕುತ್ತಿದ್ದರು; ಬೇಡವೆಂದು ಹೇಳಲು ಅವಳಿಗೆ ಹಕ್ಕಿರಲಿಲ್ಲ. ಅವಳು ಚಿಕ್ಕ ಚಿಕ್ಕ ಸಭೆಗಳಲ್ಲಿ, ಗ್ರಂಥಾಲಯದ ಹಜಾರದಲ್ಲಿ, ಕಾರ್ಖಾನೆಯ ಊಟದ ಕೋಣೆಯಲ್ಲಿ, ಹೊಸದನ್ನೇ ಹಾಡಿದಳು. ಹಳೆಯದು ಬೇಕೆಂದು ಪ್ರತಿ ಸಲವೂ ಒಬ್ಬರಾದರೂ ಕೇಳುತ್ತಿದ್ದರು. ಪ್ರತಿ ಸಲವೂ ಅವಳು ಇಲ್ಲವೆನ್ನುತ್ತಿದ್ದಳು. ಮೊದಮೊದಲು ಕಾರಣ ಹೇಳುತ್ತಿದ್ದವಳು ಬರಬರುತ್ತ ಅದನ್ನೂ ಬಿಟ್ಟಳು.

ಚಳಿಗಾಲ ಮುಗಿಯುವ ಹೊತ್ತಿಗೆ ಹೊಸ ಹಾಡನ್ನು ಧ್ವನಿಮುದ್ರಿಸಲು ಒಂದು ಸಣ್ಣ ಸ್ಟುಡಿಯೋಗೆ ಹೋದಳು. ಸದ್ದು ಹೀರಲೆಂದು ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸಿದ್ದ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಕೋಣೆ. ಮೇಷ್ಟ್ರು ಗಿಟಾರು ಹಿಡಿದು ಬಂದಿದ್ದರು, ಗೊಣಗುತ್ತಲೇ. ಅಕ್ಕ ಗಾಜಿನ ಆಚೆ, ಧ್ವನಿಮುದ್ರಣ ಮಾಡುವವನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಅವನ ಮೇಲಂಗಿಯ ಕಾಲರು ಸರಿಮಾಡಬೇಕೆನ್ನಿಸಿ ಕೈ ತಡೆದುಕೊಂಡಿದ್ದಳು.

ನಾಲ್ಕನೆಯ ಸಲಕ್ಕೆ ಹಾಡು ಸರಿಯಾಗಿ ಬಂತು. ಧ್ವನಿಮುದ್ರಣ ಮಾಡುವವನು ಹಾಡಿನ ಹೆಸರು ದಾಖಲಿಸಲು ಕೀಲಿಮಣೆಯ ಮೇಲೆ ಕೈಯಿಟ್ಟು ಕೇಳಿದ:

"ಮೇಡಂ, ಹಳೇ ಹಾಡಿನ ಹೊಸ ರೂಪ ಅಂತ ಹಾಕ್ಲಾ?"

"ಬೇಡ," ಎಂದಳು ಪುಟ್ಟಿ. "ಬರೀ ಹಾಡು ಅಂತ ಹಾಕಿ. ಹಳೇದಕ್ಕೆ ಬೇಕಾದ್ರೆ ರೇಡಿಯೋದವರು ಕರಡು ಅಂತ ಹಾಕ್ಕೊಳ್ಳಲಿ."